ಹಾಡದಿದ್ದವಳಿಗೆ ಒಂಬತ್ತೂವರೆ

ರುಜ್ಜೇರೊ ವಲ್ಮರೀನ್ ಯಾರಿಗಾದರೂ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಅಂಕ ಕೊಟ್ಟದ್ದನ್ನು ಕಂಡವರಿರಲಿಲ್ಲ. ಬೊಲೋನ್ಯದಿಂದ ತಿಂಗಳಿಗೊಮ್ಮೆ ಬರುವ ಸಂಗೀತ ಪತ್ರಿಕೆಯ ಕೊನೆಯ ಆರು ಪುಟಗಳು ಅವನ ಜಹಗೀರು. ಯುರೋಪಿನ ಯಾವ ಮೂಲೆಯಲ್ಲಿ ಯಾರು ಕಡಲಾಚೆಯ ದ್ವೀಪದಿಂದ ಬಂದ ರೆಗ್ಗೆ ಸಂಗೀತದ ರೆಕಾರ್ಡು ಹೊರಡಿಸಿದರೂ ಆ ಆರು ಪುಟಗಳಲ್ಲಿ ಒಮ್ಮೆ ತಲೆ ಬಗ್ಗಿಸಿ ನಿಂತೇ ಮುಂದೆ ಹೋಗಬೇಕು. ನಮ್ಮ ಖಂಡದಲ್ಲಿ ಬೆಳೆದ ರೆಗ್ಗೆಯೆಂದರೆ ಗಾಜಿನ ಮನೆಯಲ್ಲಿ ಬೆಳೆದ ಟೊಮ್ಯಾಟೊ, ಕೆಂಪಗಿರುತ್ತದೆ, ದುಂಡಗಿರುತ್ತದೆ, ಹುಳಿ ಮಾತ್ರ ಇರುವುದಿಲ್ಲ ಎಂಬುದು ಅವನ ಸಿದ್ಧಾಂತ. ಒಂದು ಜರ್ಮನ್ ತಂಡದ ಬಗ್ಗೆ ಅವನು ಬರೆದದ್ದು ಇಷ್ಟೇ: "ನಾಲ್ವರು ವಾದ್ಯಗಾರರು, ಒಂದು ಟೋಪಿ." ಅಂಕ ಮೂರು. ಟೋಪಿಗೆ ಒಂದು ಅಂಕ ಹೆಚ್ಚಾಯಿತೆಂದು ಮುಂದಿನ ತಿಂಗಳು ತಿದ್ದುಪಡಿಯನ್ನೂ ಹಾಕಿದ.

ಆ ಪತ್ರಿಕೆಯ ಎರಡು ಪ್ರತಿಗಳು ದೇಶದ ದಕ್ಷಿಣ ತುದಿಯ ನಮ್ಮೂರಿಗೆ ಬರುತ್ತವೆ. ಎರಡೂ ನನ್ನ ಅಂಗಡಿಗೇ. ಹತ್ತಿರದ ಪಟ್ಟಣ ಲೆಚ್ಚೆಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಲ್ಯಾಟಿನ್ ಕಲಿಸಿ ನಿವೃತ್ತನಾದ ಮೇಲೆ ನಾನು ಚೌಕದಲ್ಲಿ ಪತ್ರಿಕೆ, ಸಿಗರೇಟು, ಅಂಚೆ ಚೀಟಿ ಮಾರುವ ಈ ಅಂಗಡಿ ಇಟ್ಟುಕೊಂಡಿದ್ದೇನೆ. ನಾನು ಕಲಿಸಿದ ಲ್ಯಾಟಿನ್ ಊರಿನಲ್ಲಿ ಯಾರ ತಲೆಯಲ್ಲೂ ಉಳಿದಿಲ್ಲ. ಮೇಷ್ಟ್ರು ಎಂಬ ಹೆಸರು ಮಾತ್ರ ಉಳಿದಿದೆ.

ಮಾರ್ಚಿನ ಆ ಬುಧವಾರ ಬೆಳಿಗ್ಗೆ ಪತ್ರಿಕೆಯ ಕಟ್ಟು ಬಿಚ್ಚಿದಾಗ ಅಂಗಡಿಯಲ್ಲಿ ನಾಲ್ವರು ಕಾದಿದ್ದರು. ಕೊನ್ಸೀಲ್ಯ ಶಾಲೆಯ ಮಕ್ಕಳನ್ನು ಇಳಿಸಿ, ಹಳದಿ ಬಸ್ಸನ್ನು ಚರ್ಚಿನ ಗೋಡೆಗೆ ಒರಗಿಸಿದಂತೆ ನಿಲ್ಲಿಸಿ ಬಂದಿದ್ದಳು. ಅವಳ ತಾಯಿ ಅದ್ದೊಲೊರಾತ, ಎಂಬತ್ತೊಂದು ವರ್ಷ, ಸ್ಟೂಲಿನ ಮೇಲೆ. ಎದುರಿನ ಬಾರಿನ ದೊನಾತೊ ಕೈಯಲ್ಲಿ ಕಾಫಿಯ ತಟ್ಟೆ ಹಿಡಿದು. ಬಾಗಿಲ ಹತ್ತಿರ, ಒಳಗೂ ಅಲ್ಲ ಹೊರಗೂ ಅಲ್ಲ ಎಂಬಂತೆ, ಇಪ್ಪಾತ್ಸಿಯೊ.

ಕೊನ್ಸೀಲ್ಯಳಿಗೆ ನಲವತ್ತೆರಡು. ಅದರಲ್ಲಿ ಹದಿನೆಂಟು ವರ್ಷ ಮೂವರು ಬೇರೆ ಬೇರೆ ಗಂಡಸು ಹಾಡುಗಾರರ ಬೆನ್ನ ಹಿಂದೆ ನಿಂತು "ಆ" ಎಂದಿದ್ದಾಳೆ, "ಊ" ಎಂದಿದ್ದಾಳೆ. ಅವರ ರೆಕಾರ್ಡುಗಳ ಹಿಂಬದಿಯಲ್ಲಿ ಅವಳ ಹೆಸರು "ಮತ್ತಿತರರು" ಎಂಬ ಮಾತಿನೊಳಗೆ ಎಲ್ಲೋ ಇದೆ. ಈಗ ಮೊದಲ ಸಲ ಅವಳ ಸ್ವಂತದ್ದು: ‘ಒಣ ಎಲೆ’, ನಮ್ಮ ಸಲೆಂತೊ ಸೀಮೆಯ ಆಡುಮಾತಿನಲ್ಲಿ ಒಂಬತ್ತು ರೆಗ್ಗೆ ಹಾಡುಗಳು. ಅದನ್ನು ಧ್ವನಿಮುದ್ರಿಸಿದವನು ಇಪ್ಪಾತ್ಸಿಯೊ. ಕಸುಬಿನಲ್ಲಿ ಎಲೆಕ್ಟ್ರಿಶಿಯನ್. ಊರಾಚೆಯ ಹಳೆಯ ತಂಬಾಕಿನ ಗೋದಾಮಿನಲ್ಲಿ ಆಳೆತ್ತರದ ಸ್ಪೀಕರುಗಳನ್ನು ತಾನೇ ಮರ ಕೊಯ್ದು ಕಟ್ಟಿ, ನಲವತ್ತು ವರ್ಷದಿಂದ ರೆಗ್ಗೆ ಹಾಕಿ ಊರಿನ ಕಿಟಕಿಗಳನ್ನು ಅದುರಿಸುತ್ತಾ ಬಂದವನು.

"ಓದಿ ಮೇಷ್ಟ್ರೇ, ಜೀವ ತಿನ್ನಬೇಡಿ," ಎಂದ ದೊನಾತೊ. ‘ಒಣ ಎಲೆ’ಯ ಪ್ರಕಾಶಕ ಅವನೇ. ಅಂದರೆ ಬಾರಿನ ಫ್ರಿಜ್ಜಿನ ಮೇಲೆ ಒಂದು ಕಡತ ಇಟ್ಟಿದ್ದಾನೆ.

"ಎಷ್ಟು ಕೊಟ್ಟಿದ್ದಾನೆ, ಅದನ್ನ ಮೊದಲು ಹೇಳಿ," ಎಂದಳು ಕೊನ್ಸೀಲ್ಯ. "ಮೂರಾದ್ರೆ ನಾನು ಬಸ್ಸಿಗೆ ಹೋಗ್ತೀನಿ."

ನಾನು ಪುಟದ ಕೆಳಗೆ ನೋಡಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ.

"ಒಂಬತ್ತೂವರೆ."

ದೊನಾತೊ ಕಾಫಿ ತಟ್ಟೆಯನ್ನು ಲಾಟರಿ ಚೀಟಿಗಳ ಮೇಲೆ ಇಟ್ಟು, "ಸಂತ ಒರೊಂತ್ಸೊ ಆಣೆ, ಇನ್ನೊಂದ್ಸಲ ಹೇಳಿ," ಎಂದ. ಇನ್ನೊಂದು ಸಲ ಹೇಳಿದೆ. ಅದ್ದೊಲೊರಾತ ಶಿಲುಬೆಯ ಗುರುತು ಮಾಡಿಕೊಂಡಳು. ಕೊನ್ಸೀಲ್ಯ ನೆಲದ ಮೇಲೆ, ನೀರಿನ ಬಾಟಲಿಗಳ ಮೂಟೆಗೆ ಬೆನ್ನು ಕೊಟ್ಟು, ಹಾಗೇ ಕುಳಿತುಬಿಟ್ಟಳು.

"ಓದಿ," ಎಂದಳು. ಧ್ವನಿ ಕೇಳಿಸಿದ್ದೇ ಕಷ್ಟ.

ಓದಿದೆ. ಮೊದಲ ಪ್ಯಾರಾ ಟೊಮ್ಯಾಟೊ. ಎರಡನೆಯದರಲ್ಲಿ ಅವನು ಸೋತು ಶರಣಾಗಿದ್ದ. "ಕೊನೆಗೂ ಯುರೋಪಿನಲ್ಲಿ ಒಬ್ಬ ಗಾಯಕಿಗೆ ತಾನು ಹಾಡಬೇಕಾಗಿಲ್ಲ ಎಂಬುದು ಅರ್ಥವಾಗಿದೆ," ಎಂದು ನಾನು ಓದಿದಾಗ ಕೊನ್ಸೀಲ್ಯ ತಲೆಯೆತ್ತಿದಳು. ನಿಲ್ಲಿಸಲು ಹೊಳೆಯದೆ ನಾನು ಮುಂದೆ ಓದಿದೆ. "ನಲವತ್ತೆರಡು ನಿಮಿಷಗಳಲ್ಲಿ ಹನ್ನೊಂದೇ ಹನ್ನೊಂದು ಮಾತುಗಳು. ಒಂದೊಂದೂ ಬಾವಿಗೆ ಬಿದ್ದ ತಾಮ್ರದ ಕೊಡದಂತೆ ಕೆಳಗೆ, ಕೆಳಗೆ ಹೋಗುತ್ತದೆ. ದೇಹವೇ ಇಲ್ಲದ ನೆರಳುಗಳನ್ನು ಆಕೆ ನಮ್ಮ ಮುಂದಿಟ್ಟಿದ್ದಾರೆ. ಜೊತೆಗಿದ್ದ ಚೀಟಿಯಲ್ಲಿ ‘ಗಾಯನ: ಕೊನ್ಸೀಲ್ಯ ದೆ ಜೋರ್ಜಿ’ ಎಂದಿದೆ. ಇದು ಈ ದಶಕದ ಅತ್ಯುತ್ತಮ ವ್ಯಂಗ್ಯ."

"ಎಷ್ಟು ಮಾತು ಅಂದ್ರಿ?" ಎಂದಳು ಕೊನ್ಸೀಲ್ಯ.

"ಹನ್ನೊಂದು."

"ಮೊದಲ್ನೇ ಹಾಡಿನ ಮೊದಲ್ನೇ ಸಾಲಲ್ಲೇ ಒಂಬತ್ತಿದೆ."

"ಅವನಿಗೆ ಕಿವಿ ಕೇಳಿಸಲ್ವಾ?" ಎಂದಳು ಅದ್ದೊಲೊರಾತ. "ಪಾಪ, ಅಂಥವನ ಕೈಗೆ ಈ ಕೆಲಸ ಯಾಕೆ ಕೊಟ್ರು?"

ಬಾಗಿಲಲ್ಲಿ ಇಪ್ಪಾತ್ಸಿಯೊ ಟೋಪಿ ತೆಗೆದಿದ್ದ. ಅವನು ಟೋಪಿ ತೆಗೆಯುವುದು ಶವಯಾತ್ರೆ ಹಾದುಹೋಗುವಾಗ ಮಾತ್ರ. "ವರ್ಶನ್," ಎಂದ. "ಅವನಿಗೆ ಹೋಗಿರೋದು ವರ್ಶನ್."

ನಮ್ಮಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ರೆಗ್ಗೆಯಲ್ಲಿ ಪ್ರತಿ ಹಾಡಿಗೂ ಒಂದು ವರ್ಶನ್ ಇರುತ್ತದೆ. ಹಾಡಿನಿಂದ ಧ್ವನಿಯನ್ನು ಹಿಂತೆಗೆದು, ಡೋಲು ಮತ್ತು ಬೇಸ್ ಗಿಟಾರನ್ನು ಮುಂದೆ ತಂದು, ಅಲ್ಲೊಂದು ಇಲ್ಲೊಂದು ಮಾತನ್ನು ಮಾತ್ರ ಪ್ರತಿಧ್ವನಿಸಲು ಬಿಟ್ಟ ನೆರಳು. ಹಾಡು ಗಾಯಕಿಯದಾದರೆ ವರ್ಶನ್ ಸದ್ದುಗಳ ಮಿಶ್ರಣ ಮಾಡುವವನದು. ಒಂಬತ್ತು ಹಾಡಿಗೂ ಇಪ್ಪಾತ್ಸಿಯೊ ಒಂಬತ್ತು ವರ್ಶನ್ ಮಾಡಿಟ್ಟಿದ್ದ. ಉತ್ತರದ ಕಾರ್ಖಾನೆ ಪರೀಕ್ಷೆಗೆಂದು ಹಾಡಿನದೊಂದು, ವರ್ಶನ್ನಿನದೊಂದು ರೆಕಾರ್ಡು ಒತ್ತಿ ಕಳಿಸಿತ್ತು. ಎರಡರ ಮೇಲೂ ನಡುಮಧ್ಯೆ ಅಂಟಿಸಿದ ದುಂಡು ಚೀಟಿ ಬರಿಯ ಬಿಳಿ. ಗುರುತಿಗೆಂದು ಇಪ್ಪಾತ್ಸಿಯೊ ರಂಧ್ರದ ಬಳಿ ಸೂಜಿಯಿಂದ ಗೀರಿ, ಕಾರ್ಖಾನೆಯವರಿಗೂ ತಿಳಿಸಿದ್ದ: ಹಾಡಿಗೆ ಒಂದು ಗೀರು, ವರ್ಶನ್ನಿಗೆ ಎರಡು. ಒಂದು ಗೀರಿನದನ್ನು ವಲ್ಮರೀನನಿಗೆ ಕಳಿಸಬೇಕಿತ್ತು. ಉಳಿದ ವಿಮರ್ಶಕರಿಗೆ ಬೇಡ, ಅವನು ಬರೆದರೆ ಮಿಕ್ಕವರು ನಕಲು ಮಾಡುತ್ತಾರೆ ಎಂದಿದ್ದ ದೊನಾತೊ.

ಕಳಿಸಿದವನು ನಾನು.

ಗೀರನ್ನು ನೋಡಿದ್ದೆ. ಎರಡೆರಡು ಸಲ ನೋಡಿದ್ದೆ. ಅಷ್ಟರಲ್ಲಿ ಅದ್ದೊಲೊರಾತ ಅಂಚೆ ಚೀಟಿ ಕೊಳ್ಳಲು ಬಂದು, ಮಗಳಿಗೆ ಇನ್ನು ಒಳ್ಳೆಯ ಕಾಲ ಬಂತೆಂದು ಮುಕ್ಕಾಲು ಗಂಟೆ ಹೇಳಿದಳು. ಹ್ಞೂಂಗುಟ್ಟುತ್ತಾ ನಾನು ಎರಡು ರೆಕಾರ್ಡುಗಳನ್ನೂ ಒರೆಸಿ, ಒಂದನ್ನು ಅಂಚೆಯ ಲಕೋಟೆಗೆ, ಇನ್ನೊಂದನ್ನು ಊರಲ್ಲೇ ಉಳಿಯುವ ಲಕೋಟೆಗೆ ಹಾಕಿದ್ದೆ. ಯಾವುದನ್ನು ಯಾವುದಕ್ಕೆ ಹಾಕಿದೆನೆಂಬುದು ಈಗ ಬೊಲೋನ್ಯದಲ್ಲಿ ಅಚ್ಚಾಗಿ ಬಂದಿತ್ತು.

ಹೇಳಿದೆ. ಮೂವತ್ತೊಂದು ವರ್ಷ ಮಕ್ಕಳಿಂದ ತಪ್ಪೊಪ್ಪಿಗೆ ಕೇಳಿದವನಿಗೆ ತಾನೇ ಒಪ್ಪಿಕೊಳ್ಳುವುದರ ಅಭ್ಯಾಸವಿರುವುದಿಲ್ಲ. ಬಹಳ ಉದ್ದವಾಯಿತು.

ಕೊನ್ಸೀಲ್ಯ ಬೈಯಲಿಲ್ಲ. "ಅಂದ್ರೆ ಅವನು ನನ್ನ ಧ್ವನಿ ಕೇಳೇ ಇಲ್ಲ," ಎಂದಳು. ಇನ್ನೊಮ್ಮೆ, ಬೇರೆ ಯಾರಿಗೋ ವರದಿ ಒಪ್ಪಿಸುವಂತೆ, "ನನ್ನ ಧ್ವನಿ ಕೇಳ್ದೇನೆ ನಂಗೆ ಒಂಬತ್ತೂವರೆ ಕೊಟ್ಟಿದ್ದಾನೆ."

"ನಮ್ಮ ಗೋದಾಮಿನ ಮೇಲ್ವಿಚಾರಕನೂ ಇದನ್ನೇ ಹೇಳ್ತಿದ್ದ," ಎಂದಳು ಅದ್ದೊಲೊರಾತ. ಹದಿನೈದನೇ ವಯಸ್ಸಿನಿಂದ ಅದೇ ತಂಬಾಕಿನ ಗೋದಾಮಿನಲ್ಲಿ ಎಲೆ ವಿಂಗಡಿಸಿದವಳು ಅವಳು. ಕೆಲಸದ ಮೇಜಿನಲ್ಲಿ ಹಾಡಬಾರದೆಂದು ಅಲ್ಲಿ ಕಟ್ಟಪ್ಪಣೆಯಿತ್ತು. "‘ಬಾಯಿ ಮುಚ್ಚಿಕೊಂಡಿದ್ರೆ ನೀವೆಲ್ಲ ಎಷ್ಟು ಚೆಂದ’ ಅಂತ. ಅವನು ಅಂಕ ಮಾತ್ರ ಕೊಡ್ತಿರಲಿಲ್ಲ."

ರೆಕಾರ್ಡಿನ ನಾಲ್ಕನೆಯ ಹಾಡು ಇದರ ಬಗ್ಗೆಯೇ. ‘ಹದಿನಾರನೇ ಮೇಜು’ ಎಂದು ಅದರ ಹೆಸರು.

ಇಪ್ಪಾತ್ಸಿಯೊ ಇನ್ನೂ ಬಾಗಿಲಲ್ಲೇ ನಿಂತಿದ್ದ. "ಬಾವಿಗೆ ಬಿದ್ದ ಕೊಡ ಅಂತ ಬರ್ದಿದ್ದಾನಾ?" ಎಂದ ಮೆಲ್ಲಗೆ. "ತಾಮ್ರದ್ದು ಅಂತಾನೇ?"

ಅವನ ಕಿವಿಗಳು ಕೆಂಪಾಗಿದ್ದವು. ನಲವತ್ತು ವರ್ಷದಲ್ಲಿ ಅವನ ಕೆಲಸದ ಬಗ್ಗೆ ಅಚ್ಚಾದ ಮೊದಲ ಮಾತುಗಳು ಅವು, ಅದೂ ಬೇರೆಯವಳ ಹೆಸರಿನಲ್ಲಿ. ಕೊನ್ಸೀಲ್ಯ ಆ ಕಿವಿಗಳನ್ನು ನೋಡಿದಳು. ನೋಡಿ, ಎದ್ದು, ಬಸ್ಸಿಗೆ ಹೋದಳು.

*

ವಾರದೊಳಗೆ ಪ್ಯಾರಿಸಿನ ಒಂದು ಅಂಗಡಿ ಮುನ್ನೂರು ಪ್ರತಿ ಕೇಳಿತು. ಸ್ಪೇನಿನ ಬೇಸಿಗೆ ಉತ್ಸವದವರು "ಹಾಡದ ಹೆಂಗಸನ್ನು" ಕರೆದರು. ಬರ್ಲಿನ್ನಿನ ಒಬ್ಬ ಪಂಡಿತ ಈ ಮೌನದ ಬಗ್ಗೆ ಪ್ರಬಂಧ ಬರೆಯುತ್ತಿರುವುದಾಗಿ ತಿಳಿಸಿದ. ಅವನೂ ರೆಕಾರ್ಡನ್ನು ಕೇಳಿರಲಿಲ್ಲ. ವಿಮರ್ಶೆಯನ್ನು ಓದಿದ್ದ.

ಕಾರ್ಖಾನೆಯವರಿಗೆ ಈ ವರ್ಷ ನಮ್ಮದೊಂದು ರೆಕಾರ್ಡು ಒತ್ತಲು ಮಾತ್ರ ಸಮಯವಿತ್ತು. ಯಾವುದೆಂದು ಏಪ್ರಿಲ್ಲಿನ ಎರಡನೆಯ ಸೋಮವಾರದೊಳಗೆ ಇಪ್ಪಾತ್ಸಿಯೊ ಫೋನು ಮಾಡಿ ಹೇಳಬೇಕು. ಊರಿಗೆ ಊರೇ ಇದನ್ನು ದೊನಾತೊನ ಬಾರಿನಲ್ಲಿ ತೀರ್ಮಾನಿಸಿಬಿಟ್ಟಿತ್ತು.

"ವರ್ಶನ್ ಹೊರಡ್ಸೋಣ," ಎಂದ ದೊನಾತೊ. "ಹಾಡು ಮುಂದಿನ ವರ್ಷ. ಹೆಸರು ನಿನ್ನದೇ ಇರುತ್ತಲ್ಲ ಕೊನ್ಸೀಲ್ಯ, ಮುಖಪುಟದ ತುಂಬ ನಿನ್ನ ಮುಖ ಹಾಕ್ತೀನಿ."

"ಬಾಯಿ ಬಿಟ್ಟು ಹಾಕ್ತೀಯಾ?"

"ಹಾಗಂದ್ರೆ ಹೇಗೆ..."

"ಹದಿನೆಂಟು ವರ್ಷ ನನ್ನ ಧ್ವನಿ ಇತ್ತು, ಹೆಸರಿರಲಿಲ್ಲ. ಈಗ ಹೆಸರು ಕೊಡ್ತೀನಿ, ಧ್ವನಿ ಬೇಡ ಅಂತಿದ್ದೀರಿ. ಎರಡನ್ನೂ ಒಟ್ಟಿಗೆ ಕೊಟ್ರೆ ನಿಮ್ಮ ಮನೆ ಗಂಟೇನು ಹೋಗುತ್ತೆ?"

ಅವಳು ಹೇಳಿದ್ದು ಸರಿ ಎಂದು ಎಲ್ಲರೂ ಒಪ್ಪಿದರು. ವರ್ಶನ್ನೇ ಹೊರಡಿಸಬೇಕೆಂದೂ ಎಲ್ಲರೂ ಒಪ್ಪಿದರು. ಇಪ್ಪಾತ್ಸಿಯೊ ಮಾತ್ರ ಏನೂ ಹೇಳಲಿಲ್ಲ. ಆ ಪುಟವನ್ನು ಅವನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದನೆಂದು ನನಗೆ ಗೊತ್ತಿತ್ತು, ನನ್ನ ಕತ್ತರಿಯನ್ನೇ ಕೇಳಿ ಪಡೆದಿದ್ದ.

ಆಮೇಲೆ ವಲ್ಮರೀನ್ ತಾನೇ ಬರುವುದಾಗಿ ಬರೆದ. ಮೌನ ಹುಟ್ಟಿದ ಜಾಗವನ್ನು ನೋಡಬೇಕಂತೆ.

*

ಆ ಸೋಮವಾರದ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಗೋದಾಮಿನಲ್ಲಿ ಕುಣಿತ ಏರ್ಪಾಡಾಯಿತು. ಯಮದೂತನನ್ನು ನಿರೀಕ್ಷಿಸಿದ್ದೆವು. ಬಂದವನು ಐದಡಿ ಎರಡಂಗುಲದ, ಲಿನನ್ ಕೋಟಿನ, ನಮ್ಮ ಧೂಳಿಗೆ ಸಲ್ಲದ ಬೂಟಿನ ಸಣಕಲು ಮನುಷ್ಯ. ಅದ್ದೊಲೊರಾತ ಅವನನ್ನು ಒಮ್ಮೆ ನೋಡಿ, ಟೊಮ್ಯಾಟೊ, ಚೀಸು ತುಂಬಿ ಸುಟ್ಟ ಬಿಸಿಬಿಸಿ ರುಸ್ತಿಕೊ ಅವನ ಕೈಗಿಟ್ಟಳು. "ತಿನ್ನಪ್ಪ. ನಿಮ್ಮ ಕಡೆ ಬರೀ ಜೋಳದ ಗಂಜಿ ಅಂತೆ, ಅದಕ್ಕೇ ಹೀಗೆ ಸಿಟ್ಟಾಗಿರ್ತೀಯ." ಅವನು ಮೂರು ತಿಂದ. ಕೋಟಿನ ಮೇಲೆ ಟೊಮ್ಯಾಟೊ ರಸ ಬಿತ್ತು. ಹುಳಿಯಿತ್ತೋ ಇಲ್ಲವೋ ಹೇಳಲಿಲ್ಲ.

ದೊನಾತೊ ಕೊನ್ಸೀಲ್ಯಳಿಗೆ ಮೊದಲೇ ಪಾಠ ಹೇಳಿದ್ದ: "ಪಕ್ಕದಲ್ಲಿ ಕೂತ್ಕೋ. ನಗು. ಮಾತಾಡ್ಲೇಬೇಡ. ಬಾಯಿ ಬಿಟ್ರೆ ಒಂದೊಂದು ಮಾತಿಗೂ ಅರ್ಧರ್ಧ ಅಂಕ ಹೋಗುತ್ತೆ." ಸತ್ಯವನ್ನು ಸೋಮವಾರದ ತನಕ ಯಾರೂ ಹೇಳಬಾರದೆಂದು ಇಡೀ ಬಾರಿಗೆ ಆಣೆ ಹಾಕಿಸಿದ್ದ.

"ನಿಮ್ಮ ನಾಲ್ಕನೆಯ ಕೃತಿಯಲ್ಲಿ," ಎಂದ ವಲ್ಮರೀನ್, ಅವಳ ಕಡೆ ಬಾಗಿ, "‘ಮೇಜು’ ಎಂಬ ಒಂದೇ ಒಂದು ಮಾತು. ಅಷ್ಟೇ. ಎಷ್ಟು ಬಿಟ್ಟಿದ್ದೀರಿ! ಹೇಗೆ ಬಿಟ್ಟಿರಿ?"

ಕೊನ್ಸೀಲ್ಯ ನಕ್ಕಳು. ನನಗೆ ಆ ನಗೆಯನ್ನು ನೋಡಲಾಗಲಿಲ್ಲ.

ವಲ್ಮರೀನ್ ಜೊತೆಗೆ ತಂದಿದ್ದ ಎರಡು ಗೀರಿನ ರೆಕಾರ್ಡನ್ನು ಇಪ್ಪಾತ್ಸಿಯೊ ಹಾಕಿದ. ಬೇಸಿನ ಮೊದಲ ಪೆಟ್ಟಿಗೇ ಮಾಡಿನಿಂದ ಅರವತ್ತು ವರ್ಷದ ತಂಬಾಕಿನ ಪುಡಿ ಉದುರಿತು. ಮುನ್ನೂರು ಜನ, ಅರ್ಧ ಊರು, ಅರ್ಧ ಲೆಚ್ಚೆಯಿಂದ ಬಂದವರು, ಒಂದೇ ಬದಿಗೆ ವಾಲಿದರು. ಮೂರು ವರ್ಶನ್ ಕಳೆದವು. ವಲ್ಮರೀನ್ ಕಣ್ಣು ಮುಚ್ಚಿದ್ದ. ನಾಲ್ಕನೆಯದು ಶುರುವಾಯಿತು.

ಇಲ್ಲಿ ಒಂದು ಮಾತು. ಕುಣಿತದಲ್ಲಿ ವರ್ಶನ್ ತಿರುಗುತ್ತಿರುವಾಗ ಅದರ ಪಕ್ಕದಲ್ಲಿ ಮೈಕು ಇರಲೇಬೇಕು. ವರ್ಶನ್ನಿನಲ್ಲಿ ಜಾಗ ಬಿಡುವುದೇ ಯಾರಾದರೂ ಬಂದು ಅದರ ಮೇಲೆ ಹಾಡಲಿ, ಮಾತಾಡಲಿ, ಬೈಯಲಿ ಎಂದು. ಆ ಮೈಕು ಯಾರದೂ ಅಲ್ಲ, ಎತ್ತಿಕೊಂಡವರದು. ಅವತ್ತು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕು ಎಂದು ದೊನಾತೊ ಬಾರಿ ಬಾರಿ ಹೇಳಿದ್ದ. ಇಪ್ಪಾತ್ಸಿಯೊ ಹ್ಞೂಂ ಎಂದಿದ್ದ. ಆದರೆ ಮೈಕು ಎಂದಿನಂತೆ ರೆಕಾರ್ಡಿನ ಬಲಕ್ಕೆ, ನಲವತ್ತು ವರ್ಷದಿಂದ ಇರುವ ಜಾಗದಲ್ಲೇ ಇತ್ತು. ಅಭ್ಯಾಸಬಲವೋ ಬೇರೇನೋ ನಾನು ಕೇಳಿಲ್ಲ.

ಕೊನ್ಸೀಲ್ಯ ಎದ್ದಳು. ಯಾರೋ ನೀರು ಕುಡಿಯಲು ಏಳುವಂತೆ ಎದ್ದು, ಹೋಗಿ, ಮೈಕು ಎತ್ತಿಕೊಂಡು ಹಾಡಿದಳು.

ಅವಳ ಧ್ವನಿ ಸಿಹಿಯಲ್ಲ. ಬಸ್ಸಿನ ಹಿಂದಿನ ಸೀಟಿನ ಮಕ್ಕಳನ್ನು ಸುಮ್ಮನಿರಿಸಿ ಸುಮ್ಮನಿರಿಸಿ ಅಂಚು ಒರಟಾಗಿದೆ. ಹದಿನಾರನೇ ಮೇಜಿನಲ್ಲಿ ಕುಳಿತ ಹುಡುಗಿಯರ ಹೆಸರುಗಳನ್ನು ಅವಳು ಒಂದೊಂದಾಗಿ ಕರೆದಳು. ಎಲೆ ಎಣಿಸುವ ಬೆರಳು, ಕೆಮ್ಮು, ಮೇಲ್ವಿಚಾರಕನ ಬೂಟಿನ ಸದ್ದು ಹತ್ತಿರ ಬಂದಾಗ ನಿಂತು ದೂರ ಹೋದಾಗ ಮತ್ತೆ ಶುರುವಾಗುತ್ತಿದ್ದ ಹಾಡು. ಇಪ್ಪಾತ್ಸಿಯೊ ಬಿಟ್ಟಿದ್ದ ಒಂದೊಂದು ಖಾಲಿ ಜಾಗಕ್ಕೂ ಒಂದೊಂದು ಸಾಲು ಹೋಗಿ ಕೂತಿತು. ಅದನ್ನು ಬಿಟ್ಟದ್ದೇ ಹಾಗೆ ಕೂರಲೆಂದು.

ವಲ್ಮರೀನ್ ಕಣ್ಣು ತೆರೆದ. ಬೆಂಕಿ ಬಿದ್ದ ಮನೆಯವನಂತೆ ಎದ್ದು ಇಪ್ಪಾತ್ಸಿಯೊನ ತೋಳು ಹಿಡಿದ. "ಅವರೇಕೆ ಹಾಡುತ್ತಿದ್ದಾರೆ? ತಮ್ಮ ಕೃತಿಯನ್ನು ತಾವೇ ಹಾಳು ಮಾಡುತ್ತಿದ್ದಾರೆ! ತಡೆಯಿರಿ!"

"ಇದೇ ಕೃತಿ ಸ್ವಾಮಿ," ಎಂದ ಇಪ್ಪಾತ್ಸಿಯೊ.

ಆಗ ಬಡಿತ ಕೇಳಿಸಿತು. ಹಾಡು ತಡೆಯಲಾರದಷ್ಟು ಹಿಡಿಸಿದರೆ ಜನ ಗೋಡೆ ಬಡಿಯುತ್ತಾರೆ. ಬಡಿದರೆ ರೆಕಾರ್ಡು ತಿರುಗಿಸುವವನು ಅಲ್ಲಿಗೇ ಸೂಜಿ ಎತ್ತಿ ಮೊದಲಿನಿಂದ ಹಾಕಬೇಕು. ಅದು ನಿಯಮ. ನಾನು ತಿರುಗಿ ನೋಡಿದೆ. ಮೊದಲು ಬಡಿದವಳು ಅದ್ದೊಲೊರಾತ. ಎಡಗಾಲಿನ ಬೂಟು ಕಳಚಿ, ಗೋದಾಮಿನ ಕಬ್ಬಿಣದ ಬಾಗಿಲಿಗೆ ಅದರ ಹಿಮ್ಮಡಿಯಿಂದ ರಪ್ ರಪ್ ಎಂದು ಹೊಡೆಯುತ್ತಿದ್ದಳು. ಅದೇ ಬಾಗಿಲಿನಿಂದ ಅವಳು ಇಪ್ಪತ್ತಾರು ವರ್ಷ ಬಾಯಿ ಮುಚ್ಚಿಕೊಂಡು ಒಳಗೆ ಬಂದಿದ್ದಳು. ಅವಳ ಹಿಂದೆ ಮುನ್ನೂರು ಜನ.

ಇಪ್ಪಾತ್ಸಿಯೊ ಒಂದು ಕ್ಷಣ ತಡೆದ. ಪರ್ಸು ಇದ್ದ ಜೇಬಿನ ಮೇಲೆ ಅವನ ಕೈ ಹೋದದ್ದನ್ನು ನಾನು ಕಂಡೆ. ಆಮೇಲೆ ಅದೇ ಕೈಯಿಂದ ಸೂಜಿ ಎತ್ತಿ, ಮೊದಲಿಗೆ ಒಯ್ದು ಇಳಿಸಿದ.

*

ಎರಡನೆಯ ಸಲವೂ ಮುಗಿದ ಮೇಲೆ, ಹೊರಗೆ ಹಳೆಯ ಎಲೆಗಾಡಿಯ ಹತ್ತಿರ, ನಾನು ವಲ್ಮರೀನನಿಗೆ ಎಲ್ಲವನ್ನೂ ಹೇಳಿದೆ. ಒಂದು ಗೀರು, ಎರಡು ಗೀರು, ಅಂಚೆ ಚೀಟಿ, ಮುಕ್ಕಾಲು ಗಂಟೆ. ಈ ಸಲ ಚಿಕ್ಕದಾಗಿ ಮುಗಿಯಿತು. ಅವನು ಗಾಡಿಯ ಚಕ್ರವನ್ನು ಹಿಡಿದುಕೊಂಡ.

"ಇದು ಯಾರಿಗೆ ಗೊತ್ತು?"

"ಊರಿಗೆ."

"ಊರಿಗೆ ಅಂದರೆ?"

"ಮೂರು ಸಾವಿರದ ಇನ್ನೂರು ಜನ. ಪಾದ್ರಿಗಳೂ ಸೇರಿ."

ಅವನು ಬಗ್ಗಿ ಬೂಟಿನ ಧೂಳು ಒರೆಸಿಕೊಂಡ. ಪಕ್ಕದಲ್ಲಿ ಬಂದು ನಿಂತಿದ್ದ ಕೊನ್ಸೀಲ್ಯಳಿಗೆ ಕೊನೆಗೆ ಹೇಳಿದ: "ನೋಡಿ, ವರ್ಶನ್ನನ್ನೇ ಪ್ರಕಟಿಸಿಬಿಡಿ. ನಾನು ಬರೆದದ್ದು ನಿಜವಾಗುತ್ತದೆ. ಯಾರಿಗೂ ನಷ್ಟವಿಲ್ಲ."

"ನಿಮಗೆ ನಿಮ್ಮ ಮಾತು ಉಳಿಯುತ್ತೆ," ಎಂದಳು ಅವಳು. "ಇಪ್ಪಾತ್ಸಿಯೊ ಮಾಮನಿಗೆ ಅವರ ಕೆಲಸ ಉಳಿಯುತ್ತೆ. ದೊನಾತೊಗೆ ಪ್ಯಾರಿಸ್. ನಂಗೆ ಏನುಳಿಯುತ್ತೆ ಹೇಳಿ? ಹನ್ನೊಂದು ಮಾತು." ಕೈಚೀಲದಿಂದ ಒಂದು ಗೀರಿನ ರೆಕಾರ್ಡು ತೆಗೆದು ಅವನ ಎದೆಗೆ ಒತ್ತಿದಳು. "ಇದನ್ನ ಕೇಳಿ. ಆಮೇಲೆ ಏನು ಬೇಕಾದ್ರೂ ಬರೀರಿ. ಕೇಳಿ ಬರೀರಿ, ಅಷ್ಟೇ."

ಸಮನ್ಸು ತೆಗೆದುಕೊಳ್ಳುವವನಂತೆ ಅವನು ತೆಗೆದುಕೊಂಡ.

ಮರುದಿನ ಒಂಬತ್ತಕ್ಕೆ ಇಪ್ಪಾತ್ಸಿಯೊ ನನ್ನ ಅಂಗಡಿಗೆ ಬಂದು ಫೋನು ಕೇಳಿದ. ಅವನ ಹತ್ತಿರ ಫೋನಿಲ್ಲವೆಂದಲ್ಲ. ಸಾಕ್ಷಿ ಬೇಕಿತ್ತೆಂದು ನನ್ನ ಊಹೆ. ದೊನಾತೊ ಎದುರಿನ ಬಾರಿನಿಂದ ಎರಡು ಬೆರಳು ಎತ್ತಿ ತೋರಿಸುತ್ತಲೇ ಇದ್ದ. ಇಪ್ಪಾತ್ಸಿಯೊ ಅವನಿಗೆ ಬೆನ್ನು ತಿರುಗಿಸಿದ.

"ಒಂದು ಗೀರಿನದು," ಎಂದ ಫೋನಿನಲ್ಲಿ. "ಹೌದು, ಹಾಡಿನದು. ಪತ್ರಿಕೇಲಿ ಓದಿದ್ದು ಬಿಡಿ. ಒಂದೇ ಗೀರು." ಫೋನು ಇಟ್ಟು, "ಬೇಕರಿಯವನ ಒಲೆ ಕೆಟ್ಟಿದೆ," ಎಂದು ಹೊರಟುಹೋದ.

*

ಮೇ ತಿಂಗಳ ಸಂಚಿಕೆ ಬಂದಾಗ ಅಂಗಡಿಯಲ್ಲಿ ಅದೇ ನಾಲ್ವರು. ಆ ಆರು ಪುಟಗಳಲ್ಲಿ ನಮ್ಮ ಸುದ್ದಿಯೇ ಇರಲಿಲ್ಲ. ದೊನಾತೊ ನಿಟ್ಟುಸಿರು ಬಿಡುವಷ್ಟರಲ್ಲಿ, ಓದುಗರ ಪತ್ರಗಳ ಕೆಳಗೆ, ಸಣ್ಣ ಅಕ್ಷರದಲ್ಲಿ, ನನಗೆ ಸಿಕ್ಕಿತು.

"ಮಾರ್ಚಿನಲ್ಲಿ ನಾನು ವಿಮರ್ಶಿಸಿದ್ದು ಕೊನ್ಸೀಲ್ಯ ದೆ ಜೋರ್ಜಿಯವರ ರೆಕಾರ್ಡಲ್ಲ. ಅದು ಇಪ್ಪಾತ್ಸಿಯೊ ಎಂಬ ಎಲೆಕ್ಟ್ರಿಶಿಯನ್ನರ ಕೆಲಸ. ಕೊಟ್ಟ ಅಂಕವನ್ನು ಹಿಂತೆಗೆದುಕೊಳ್ಳುವುದಿಲ್ಲ, ಅದು ಅವರದು. ‘ಒಣ ಎಲೆ’ ಬೇರೆಯೇ ರೆಕಾರ್ಡು. ಅದನ್ನು ಏಳು ಸಲ ಕೇಳಿದೆ. ದೆ ಜೋರ್ಜಿಯವರಿಗೆ ಹೇಳುವುದು ಬಹಳ ಇದೆ, ಎಲ್ಲವನ್ನೂ ಹೇಳಿಯೇ ತೀರುತ್ತಾರೆ. ಆರನೆಯ ಹಾಡಿನಲ್ಲಿ ಪಲ್ಲವಿ ಮೂರು ಸಲ ಅನವಶ್ಯಕವಾಗಿ ಮರಳುತ್ತದೆ. ಎಂಟನೆಯದರಲ್ಲಿ ಧ್ವನಿ ಒಡೆಯುತ್ತದೆ, ಆಕೆ ಅದನ್ನು ಮರೆಮಾಚುವುದೂ ಇಲ್ಲ. ನಾಲ್ಕನೆಯ ಹಾಡನ್ನು ನನಗೆ ಮರೆಯಲಾಗುತ್ತಿಲ್ಲ, ಇದು ನನಗೆ ಇಷ್ಟವಿಲ್ಲ. ನಾಲ್ಕೂವರೆ."

"ನಾಲ್ಕೂವರೆ!" ದೊನಾತೊ ಲಾಟರಿ ಚೀಟಿಗಳ ಮೇಲೆ ಕೈ ಬಡಿದ. "ಒಂಬತ್ತೂವರೆಯಿಂದ ನಾಲ್ಕೂವರೆಗೆ! ಪ್ಯಾರಿಸ್ಸಿನವನಿಗೆ ನಾನೇನು ಹೇಳ್ಲಿ?"

ಇಪ್ಪಾತ್ಸಿಯೊ ಟೋಪಿ ತೆಗೆದ. ಕಿವಿಗಳು ಮತ್ತೆ ಕೆಂಪಾದವು. ಪರ್ಸಿನಿಂದ ಹಳೆಯ ಪುಟ ತೆಗೆದು, ಮಡಿಕೆ ಸರಿಮಾಡಿ, ಕೊನ್ಸೀಲ್ಯಳ ಕಡೆ ಒಮ್ಮೆ ನೋಡಿದ. ಅವಳು ಇಟ್ಟುಕೋ ಎಂಬಂತೆ ತಲೆಯಾಡಿಸಿದಳು. ಅವನು ಅದನ್ನು ಮತ್ತೆ ಒಳಗಿಟ್ಟುಕೊಂಡ, ಈ ಸಲ ಕದ್ದವನ ಹಾಗಲ್ಲ.

"ಮೇಷ್ಟ್ರೇ, ಆ ಎಂಟನೇ ಹಾಡಿನ ಮಾತು ಇನ್ನೊಂದ್ಸಲ ಓದಿ," ಎಂದಳು ಕೊನ್ಸೀಲ್ಯ.

ಓದಿದೆ. ಧ್ವನಿ ಒಡೆಯುತ್ತದೆ, ಆಕೆ ಅದನ್ನು ಮರೆಮಾಚುವುದೂ ಇಲ್ಲ.

"ಕೇಳಿದ್ದಾನೆ," ಎಂದಳು. "ಎಂಟನೇದರ ತನಕ ಕೂತು ಕೇಳಿದ್ದಾನೆ." ನನ್ನ ಕತ್ತರಿ ತೆಗೆದುಕೊಂಡು ಆ ಸಣ್ಣ ಅಕ್ಷರದ ಚೌಕವನ್ನು ಕತ್ತರಿಸಿದಳು. ಬಸ್ಸಿನಲ್ಲಿ, ಕನ್ನಡಿಯ ಪಕ್ಕ, ಸಂತನ ಚಿತ್ರದ ಕೆಳಗೆ ಸಿಕ್ಕಿಸುತ್ತಾಳಂತೆ.

ಅದ್ದೊಲೊರಾತಳಿಗೆ ಸಹಿಸಲಾಗಲಿಲ್ಲ. "ಅಲ್ಲ ಕಣೇ, ಹತ್ತಕ್ಕೆ ನಾಲ್ಕೂವರೆ! ಸ್ಕೂಲಲ್ಲಿ ಆರು ಬಂದ್ರೆ ಪಾಸು. ಇದು ಫೇಲು. ಫೇಲಾದ ಚೀಟೀನ ಯಾರಾದ್ರೂ ಗೋಡೆಗೆ ಹಾಕ್ಕೊಳ್ತಾರಾ?"

"ಹೆಸರು ಹಿಡಿದು ನನ್ನನ್ನ ಫೇಲ್ ಮಾಡಿದ್ದು ಇದೇ ಮೊದಲ್ನೇ ಸಲ ಅಮ್ಮ," ಎಂದಳು ಕೊನ್ಸೀಲ್ಯ, ಬಸ್ಸಿನ ಕೀಲಿ ಹುಡುಕುತ್ತಾ.